ರದ್ದು ಮಾಡುವ ನಿರ್ಧಾರ ಯಾರದು? ಸಮ್ಮೇಳನ ಸಂಘಟಕಿಯೊಬ್ಬರ ಆಪ್ತಸಲಹೆ ಪ್ರಕರಣ

2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಸಂಘರ್ಷದಿಂದಾಗಿ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳು ಕೆಲವು ದಿನ ಮುಚ್ಚಿದ್ದವು. ವೈಜ್ಞಾನಿಕ ಸಮ್ಮೇಳನದ ಹೊಣೆ ಹೊತ್ತವರು ಆ ಹೊತ್ತಿನಲ್ಲಿ ಆಡಿದ ಮಾತುಗಳು ಹೆಚ್ಚುಕಡಿಮೆ 2020ರಲ್ಲಿ ಕೇಳಿದವೇ ಆಗಿದ್ದವು. ನಿದ್ದೆಯಿಲ್ಲ, ಫೋನ್ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ, ಯಾರಿಗೆ ಏನು ಉತ್ತರ ಕೊಡಬೇಕೋ ತಿಳಿಯುತ್ತಿಲ್ಲ. ನೆರೆ ಬಂದರೂ ಸೋಂಕು ಬಂದರೂ ಗಡಿಯಲ್ಲಿ ಗುಂಡು ಹಾರಿದರೂ ಈ ಕುರ್ಚಿಯಲ್ಲಿ ಕೂತವರ ಸ್ಥಿತಿ ಒಂದೇ. ಹಾಗಾಗಿ ನಾನು ಆಪ್ತಸಲಹೆ ನೀಡಿದ 2020ರ ಒಂದು ಪ್ರಕರಣವನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಆಕೆ ಉತ್ತರ ಕರ್ನಾಟಕದ ವಿಶ್ವವಿದ್ಯಾಲಯವೊಂದರ ಜೀವವಿಜ್ಞಾನ ಪ್ರಾಧ್ಯಾಪಕಿ, ತಮ್ಮ ವಿಷಯದ ರಾಷ್ಟ್ರೀಯ ಸಂಘದ ವಾರ್ಷಿಕ ಸಮ್ಮೇಳನಕ್ಕೆ ಸಂಘಟನಾ ಕಾರ್ಯದರ್ಶಿ. 2020ರ ಡಿಸೆಂಬರ್‌ನಲ್ಲಿ ಮೂರು ದಿನ, ಸುಮಾರು 400 ಪ್ರತಿನಿಧಿಗಳು. ಸಭಾಂಗಣಕ್ಕೂ ಹೋಟೆಲಿಗೂ ಮುಂಗಡ ಹೋಗಿತ್ತು. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ವಿದೇಶದ ಪ್ರಯಾಣಿಕ ವಿಮಾನಗಳು ನಿಂತವು. ಸೆಪ್ಟೆಂಬರ್ ಹೊತ್ತಿಗೆ ಸಂಘದ ಹಿರಿಯರೊಬ್ಬರು ಕೋವಿಡ್‌ನಿಂದ ತೀರಿಕೊಂಡರು, ಖಜಾಂಚಿ ಆಸ್ಪತ್ರೆ ಸೇರಿದರು. ಸಮ್ಮೇಳನದ ಖಾತೆಗೆ ಇಬ್ಬರದೇ ಜಂಟಿ ಸಹಿ ಇದ್ದುದರಿಂದ ಒಂದು ಚೆಕ್ಕೂ ಹೊರಡದಂತಾಯಿತು. ಮನೆಯಲ್ಲಿ ವಯಸ್ಸಾದ ಅತ್ತೆ. ಆಕೆ ನಸುಕಿನ ಮೂರು ಗಂಟೆಗೆ ಎದ್ದು ಇಮೇಲ್ ತೆರೆದು, ಉತ್ತರ ಬರೆದು, ಕಳಿಸದೆ ಡ್ರಾಫ್ಟ್‌ನಲ್ಲಿ ಇಟ್ಟು ಮಲಗುತ್ತಿದ್ದರು.

ಅಕ್ಟೋಬರ್‌ನ ಒಂದು ವಿಡಿಯೊ ಭೇಟಿಯಲ್ಲಿ ಅವರು ಹೇಳಿದ ಮಾತು ಇದು: “ಎಲ್ಲಾರೂ ‘ಮಾಡ್ರಿ, ಆಗ್ತದ’ ಅಂತಾರ್ರೀ. ಆಗಂಗಿಲ್ಲ ಅಂತ ಹೇಳಾಕಿ ನಾ ಒಬ್ಬಾಕಿನೇ ಏನ್ರಿ?”

ದುಃಖದ ಬಗ್ಗೆ, ಆತಂಕದ ಬಗ್ಗೆ ಅಲ್ಲಿಯವರೆಗೆ ಸಾಕಷ್ಟು ಮಾತಾಗಿತ್ತು. ಈ ಮಾತಿಗೆ ಸಮಾಧಾನ ಹೇಳುವ ಬದಲು ನಾನು ಕೇಳಿದ್ದು ಇಷ್ಟೇ: “ಮೇಡಂ, ನಿಮ್ಮ ಸಂಘದ ನಿಯಮಾವಳಿ ಪ್ರಕಾರ ಸಮ್ಮೇಳನದ ದಿನಾಂಕ ಬದಲಿಸೋ ಅಧಿಕಾರ ಯಾರಿಗಿದೆ?”

ಅವರು ಎದ್ದು ಹೋಗಿ ಕಡತ ತಂದರು. ಪುಟ ತಿರುವಿ, “ಕಾರ್ಯಕಾರಿ ಸಮಿತಿಗೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆದ್ರ ಅವ್ರು ಫೋನ್ ಮಾಡಿ ನಿಮ್ಮ ಅಭಿಪ್ರಾಯ ಏನ್ರಿ ಅಂತ ಕೇಳ್ತಾರ. ನಾ ಹೇಳಿದ್ದು ನಾಳೆ ನಿರ್ಣಯ ಆಗ್ತದ. ಹೆಚ್ಚುಕಮ್ಮಿ ಆದ್ರ ‘ಮೇಡಂ ಹೇಳಿದ್ರು’ ಅಂತಾರ” ಎಂದರು.

ಇಲ್ಲಿತ್ತು ಗಂಟು. ಕೆಲಸದ ಹೊರೆ ಅವರಿಗೆ ಹೊಸದಲ್ಲ. ಸಮಿತಿ ಮಾಡಬೇಕಾದ ನಿರ್ಧಾರವನ್ನು ಬರಹದಲ್ಲಿಲ್ಲದೆ, ಫೋನ್ ಮಾತಿನಲ್ಲಿ, ಒಬ್ಬರೇ ಹೊತ್ತುಕೊಂಡದ್ದು ಅವರನ್ನು ತಿನ್ನುತ್ತಿತ್ತು. ಪ್ರತಿ ಸರ್ಕಾರಿ ಆದೇಶ ಬಂದಾಗಲೂ ಆ ನಿರ್ಧಾರವನ್ನು ಮೊದಲಿನಿಂದ ಮತ್ತೆ ಮಾಡಬೇಕಿತ್ತು. ಇಂಥವರಿಗೆ ಪ್ರಾಣಾಯಾಮ ಹೇಳಿಕೊಟ್ಟರೆ ಹತ್ತು ನಿಮಿಷದ ಶಾಂತಿ ಸಿಗುತ್ತದೆ, ಹನ್ನೊಂದನೆಯ ನಿಮಿಷಕ್ಕೆ ಫೋನ್ ಬರುತ್ತದೆ.

ನಾನು ಕೊಟ್ಟ ಸಲಹೆ: ಇನ್ನು ಮುಂದೆ ಫೋನಿನಲ್ಲಿ ಅಭಿಪ್ರಾಯ ಹೇಳಬೇಡಿ. ಕೇಳಿದವರಿಗೆ “ಟಿಪ್ಪಣಿ ಕಳಿಸ್ತೀನಿ” ಎನ್ನಿ. ಒಂದೇ ಪುಟದ ಟಿಪ್ಪಣಿ ಬರೆದು ಸಮಿತಿಯ ಎಲ್ಲರಿಗೂ ಒಂದೇ ಇಮೇಲ್‌ನಲ್ಲಿ ಕಳಿಸಿ.

ಆ ಪುಟವನ್ನು ಭೇಟಿಯಲ್ಲೇ ಕೂತು ರೂಪಿಸಿದೆವು. ಮೊದಲು ಪರಿಸ್ಥಿತಿ, ವಿಶೇಷಣಗಳಿಲ್ಲದೆ. ಕೇಂದ್ರ ಗೃಹ ಸಚಿವಾಲಯದ 2020ರ ಸೆಪ್ಟೆಂಬರ್ 30ರ ಆದೇಶದಂತೆ ಅಕ್ಟೋಬರ್ 15ರ ನಂತರ ಮುಚ್ಚಿದ ಸಭಾಂಗಣದಲ್ಲಿ ಅರ್ಧದಷ್ಟು ಆಸನ, ಅದೂ 200 ಜನರ ಮಿತಿಯಲ್ಲಿ. ಸ್ವಯಂಸೇವಕರು, ಅಡುಗೆಯವರು, ಧ್ವನಿವ್ಯವಸ್ಥೆಯವರನ್ನೂ ಲೆಕ್ಕಕ್ಕೆ ಹಿಡಿದರೆ ಪ್ರತಿನಿಧಿಗಳಿಗೆ ಉಳಿಯುವುದು 150ರ ಆಸುಪಾಸು. ನೋಂದಾಯಿಸಿದ ಉಳಿದವರಿಗೆ ಏನು ಹೇಳುವುದು ಎಂಬ ಪ್ರಶ್ನೆ ಅಲ್ಲಿಗೇ ಎದ್ದು ಕಾಣುತ್ತದೆ.

ನಂತರ ಎರಡೇ ಆಯ್ಕೆ: ಡಿಸೆಂಬರ್‌ನಲ್ಲಿ ಸಣ್ಣದಾಗಿ ನಡೆಸುವುದು, ಇಲ್ಲವೇ ಫೆಬ್ರುವರಿಯಲ್ಲಿ ಪೂರ್ತಿ ಆನ್‌ಲೈನ್. ಮೂರನೆಯದನ್ನು ಸೇರಿಸಿದರೆ ಸಮಿತಿ ಅದರ ಬಗ್ಗೆಯೇ ಮಾತಾಡುತ್ತಾ ಕೂರುತ್ತದೆ. ಪ್ರತಿ ಆಯ್ಕೆಯ ಎದುರು ಹಣ: ಎಷ್ಟು ಕೊಟ್ಟಾಗಿದೆ, ಎಷ್ಟು ವಾಪಸು ಬರುತ್ತದೆ, ಯಾವ ತಾರೀಖಿನವರೆಗೆ ಕೇಳಿದರೆ ಬರುತ್ತದೆ. ಹೋಟೆಲಿನ ಕರಾರಿನಲ್ಲಿ ಇಂಥ ಸಂದರ್ಭದ ಷರತ್ತು ಇತ್ತು. ಅಡುಗೆಯವರದು ಬರೀ ಕೊಟೇಶನ್, ಷರತ್ತೇ ಇಲ್ಲ. ಷರತ್ತು ಇಲ್ಲದಾಗಲೂ 1872ರ ಭಾರತೀಯ ಕರಾರು ಕಾಯಿದೆಯ 56 ಮತ್ತು 65ನೇ ಕಲಮುಗಳ (ನೆರವೇರಿಸಲಾಗದ ಕರಾರು, ಅದರಡಿ ಪಡೆದದ್ದರ ವಾಪಸಾತಿ) ಆಧಾರದಲ್ಲಿ ಮುಂಗಡ ಕೇಳಲು ಅವಕಾಶವಿದೆ. ಆದರೆ ವ್ಯಾಜ್ಯಕ್ಕಿಂತ, “ಈ ಮುಂಗಡವನ್ನು ಮುಂದಿನ ಕಾರ್ಯಕ್ರಮಕ್ಕೆ ಹೊಂದಿಸಿಕೊಳ್ಳುತ್ತೇವೆ” ಎಂಬ ಪತ್ರ ಬರೆಸಿಕೊಳ್ಳುವುದು ಸುಲಭ. ಅನುದಾನದ ಸಾಲು ಬೇರೆ. ಪ್ರಯಾಣಕ್ಕೆಂದು ಮಂಜೂರಾದ ಹಣವನ್ನು ಅನುಮತಿಯಿಲ್ಲದೆ ಆನ್‌ಲೈನ್ ವೇದಿಕೆಯ ಬಾಡಿಗೆಗೆ ಬಳಸಿದರೆ, ಕೊನೆಯಲ್ಲಿ ಹಣ ಬಳಕೆ ಪ್ರಮಾಣಪತ್ರ ಸಲ್ಲಿಸುವಾಗ ಸಿಕ್ಕಿಬೀಳುವುದು ಸಂಘಟನಾ ಕಾರ್ಯದರ್ಶಿಯೇ. ಲೆಕ್ಕಶೀರ್ಷಿಕೆ, ಅಂದರೆ ಹಣದ ಬಾಬತ್ತು, ಬದಲಿಸಲು ಅನುದಾನ ಕೊಟ್ಟವರಿಗೆ ಮೊದಲೇ ಬರೆಯಬೇಕು.

ಪುಟದ ಕೊನೆಯ ಸಾಲಿಗೆ ನಾನು ಹಟ ಹಿಡಿದೆ. “ಅಕ್ಟೋಬರ್ 31ರ ಸಂಜೆಯೊಳಗೆ ಸಮಿತಿಯಿಂದ ಲಿಖಿತ ಉತ್ತರ ಬಾರದಿದ್ದರೆ ಎರಡನೇ ಆಯ್ಕೆ ಜಾರಿಯಾಗುತ್ತದೆ, ಇದಕ್ಕೆ ಅಧ್ಯಕ್ಷರ ಒಪ್ಪಿಗೆ ಇದೆ.” ಅಧ್ಯಕ್ಷರಿಂದ ಆ ಒಪ್ಪಿಗೆ ಮೊದಲು ತರಬೇಕು. ಅದಿಲ್ಲದೆ ಆ ಸಾಲು ಬರೆದರೆ ಬೆದರಿಕೆಯಂತೆ ಓದಿಸಿಕೊಳ್ಳುತ್ತದೆ. ಉತ್ತರ ಕೊಡದೆ ಕಾಲ ತಳ್ಳುವುದೂ ಒಂದು ನಿರ್ಧಾರವೇ. ಅದರ ಹೊಣೆಯೂ ಸಮಿತಿಯ ಮೇಲೆಯೇ ಉಳಿಯಲಿ ಎಂಬುದು ನನ್ನ ಉದ್ದೇಶ.

ಉತ್ತರ 29ನೇ ತಾರೀಖು ಬಂತು: ಫೆಬ್ರುವರಿ, ಆನ್‌ಲೈನ್. ಪ್ರತಿನಿಧಿಗಳಿಗೆ ಹೋದ ಪತ್ರದಲ್ಲಿ ಮೂರೇ ವಿಷಯ: ಏನು ನಿರ್ಧಾರವಾಗಿದೆ, ನಿಮ್ಮ ಹಣಕ್ಕೆ ಏನಾಗುತ್ತದೆ, ಮುಂದಿನ ಮಾಹಿತಿ ಯಾವ ತಾರೀಖು. ಕ್ಷಮೆಯಾಚನೆಯ ಎರಡು ಪ್ಯಾರಾ ಅವರ ಕರಡಿನಲ್ಲಿತ್ತು, ತೆಗೆಸಿದೆ. ಸೋಂಕಿಗೆ ಸಂಘಟಕರು ಕ್ಷಮೆ ಕೇಳಬೇಕಿಲ್ಲ. ಕೇಳಿದರೆ ಓದುವವರು ತಪ್ಪು ಹುಡುಕತೊಡಗುತ್ತಾರೆ.

ಎರಡನೆಯ ಸಲಹೆ ಜೋಡಿಯದು. ಪ್ರತಿ ಹೊಣೆಗೂ ಇಬ್ಬರು, ಇಬ್ಬರಿಗೂ ಪಾಸ್‌ವರ್ಡ್ ಗೊತ್ತು, ಒಂದೇ ಮನೆಯವರಾಗಲಿ ಒಂದೇ ಪ್ರಯೋಗಾಲಯದವರಾಗಲಿ ಆಗಿರಬಾರದು, ಏಕೆಂದರೆ ಸೋಂಕು ಇಬ್ಬರನ್ನೂ ಒಟ್ಟಿಗೆ ಕ್ವಾರಂಟೈನ್‌ಗೆ ಕಳಿಸುತ್ತದೆ. ಬ್ಯಾಂಕ್ ಖಾತೆಗೆ ಮೂವರ ಹೆಸರು, ಯಾರಾದರೂ ಇಬ್ಬರ ಸಹಿ ಸಾಕು. ಇದನ್ನು ಖಾತೆ ತೆರೆಯುವ ದಿನವೇ ಮಾಡಿಟ್ಟರೆ ಅರ್ಧ ಸಂಕಟ ತಪ್ಪುತ್ತದೆ. ಆನ್‌ಲೈನ್ ಗೋಷ್ಠಿಗೂ ಇದೇ ಕ್ರಮ: ಅಧ್ಯಕ್ಷತೆಗೆ ಒಬ್ಬರು, ತಾಂತ್ರಿಕತೆಗೆ ಒಬ್ಬರು, ಪ್ರಶ್ನೆ ಓದಲು ಇನ್ನೊಬ್ಬರು. ಉಪನ್ಯಾಸದ ರೆಕಾರ್ಡಿಂಗ್ ವಾರ ಮೊದಲೇ ತರಿಸಿಕೊಂಡರು. ಹಳ್ಳಿಯಿಂದ ಮಾತಾಡುವ ಸಂಶೋಧನಾ ವಿದ್ಯಾರ್ಥಿಗಳ ಸ್ಲೈಡ್‌ಗಳನ್ನು ಇಲ್ಲಿಂದಲೇ ತೋರಿಸಿ, ಧ್ವನಿಯನ್ನು ಮಾತ್ರ ಫೋನ್ ಕರೆಯಲ್ಲಿ ಪಡೆದರು. ವಿದೇಶಿ ಉಪನ್ಯಾಸಗಳಿಗೆ ಸಂಜೆ 6.30 ನಿಗದಿಯಾಯಿತು. ಆಗ ಜರ್ಮನಿಯಲ್ಲಿ ಮಧ್ಯಾಹ್ನ 2, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 8. ಜಪಾನಿನವರಿಗೆ ರಾತ್ರಿ 10 ಆಗುವುದರಿಂದ ಅವರದು ಬೆಳಿಗ್ಗೆಗೆ ಹೋಯಿತು.

ಆಮೇಲೆ ಇನ್ನೊಂದು ಬಂತು. 2021ರ ಜನವರಿ 15ರಂದು ಶಿಕ್ಷಣ ಸಚಿವಾಲಯದ ಸುತ್ತೋಲೆ: ಸರ್ಕಾರಿ ಅನುದಾನದ ಸಂಸ್ಥೆಗಳು ಅಂತರರಾಷ್ಟ್ರೀಯ ಆನ್‌ಲೈನ್ ಸಮ್ಮೇಳನಕ್ಕೂ ಪೂರ್ವಾನುಮತಿ ಪಡೆಯಬೇಕು. ವಿಜ್ಞಾನ ಅಕಾಡೆಮಿಗಳು ಆಕ್ಷೇಪಿಸಿದ ಮೇಲೆ ಫೆಬ್ರುವರಿ ಕೊನೆಯಲ್ಲಿ ಅದನ್ನು ಹಿಂದಕ್ಕೆ ಪಡೆದರು, ಆದರೆ ಈ ಸಮ್ಮೇಳನ ಇದ್ದದ್ದು ಫೆಬ್ರುವರಿ ನಡುವಿಗೆ. ಅಂದು ಆಕೆ ನನಗೆ ಕರೆ ಮಾಡಲಿಲ್ಲ. ಒಂದು ಪುಟ ಬರೆದು ಸಮಿತಿಗೆ ಕಳಿಸಿದರು. ಎರಡು ದಿನದಲ್ಲಿ ಉತ್ತರ: ಸಮ್ಮೇಳನ ದೇಶದೊಳಗಿನವರಿಗಷ್ಟೇ, ವಿದೇಶಿ ಉಪನ್ಯಾಸಗಳು ನಂತರ ಬಿಡಿಬಿಡಿಯಾಗಿ. ಮುಂದಿನ ಭೇಟಿಯಲ್ಲಿ ಇದನ್ನು ಹೇಳುವಾಗ, “ನಾ ಆವತ್ತ ರಾತ್ರಿ ಮಲಗಿದ್ನಿರಿ” ಎಂದರು.

ಈ ಪ್ರಕರಣವನ್ನು ಸಹವೃತ್ತಿಯವರ ನಡುವೆ ಚರ್ಚಿಸಿದಾಗ ಆಕ್ಷೇಪ ಬಂದಿದೆ: ಆಪ್ತಸಲಹೆಗಾರರು ನೇರ ಸಲಹೆ ಕೊಡಬಾರದು, ಇದು ವ್ಯವಸ್ಥಾಪಕರ ಕೆಲಸ, ತೀರಿಕೊಂಡ ಹಿರಿಯರ ದುಃಖಕ್ಕೆ ಜಾಗ ಸಿಗಲಿಲ್ಲ. ಮೊದಲೆರಡನ್ನು ನಾನು ಒಪ್ಪುವುದಿಲ್ಲ. ಮದುವೆ, ಮಕ್ಕಳ ವಿಷಯದಲ್ಲಿ ನಾನೂ ಸಲಹೆ ಕೊಡುವುದಿಲ್ಲ, ಅಲ್ಲಿ ಬದುಕು ಅವರದು, ನಿರ್ಧಾರವೂ ಅವರದು. ಇಲ್ಲಿ ಅವರದಲ್ಲದ ನಿರ್ಧಾರ ಅವರ ಮೇಲೆ ಬಿದ್ದಿತ್ತು. ಅದನ್ನು ಎತ್ತಿ ಸಮಿತಿಯ ಮುಂದಿಡದೆ ಅವರ ಬಾಲ್ಯದ ಬಗ್ಗೆ ಕೇಳುತ್ತಾ ಕೂರುವುದು ನನಗೆ ಅನ್ಯಾಯ ಎನಿಸುತ್ತದೆ. ಮೂರನೆಯದಕ್ಕೆ ಉತ್ತರ ನಂತರದ ಭೇಟಿಗಳಲ್ಲಿದೆ. ನಿದ್ದೆ ಮರಳಿದ ಮೇಲೆಯೇ ಆಕೆ ಆ ಹಿರಿಯರ ಬಗ್ಗೆ ಅತ್ತದ್ದು.

ಎಲ್ಲರಿಗೂ ಈ ಪುಟ ಸಾಲುವುದಿಲ್ಲ. ನಿರ್ಧಾರ ಸಮಿತಿಗೆ ಹೋದ ಮೇಲೂ ಎರಡು ವಾರ ನಿದ್ದೆ, ಊಟ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕು. ಬದುಕೇ ಬೇಡ ಎಂಬ ಯೋಚನೆ ಬಂದರೆ ಎರಡು ವಾರ ಕಾಯಬಾರದು, ಅಂದೇ ಕಾಣಬೇಕು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಂಥ ದಿನ ಸಮ್ಮೇಳನದ ಕಡತ ಜೋಡಿಯವರ ಕೈಗೆ ಹೋಗಬೇಕು.