ಕಂಬಳಿ ಕೊಟ್ಟರೆ ಸೇವೆ, ಕೂಲಿ ಕೇಳಿದರೆ ರಾಜಕೀಯವೇ?

ಕೊಡಗಿನ ವಿರಾಜಪೇಟೆ ತಾಲ್ಲೂಕಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಕಾಫಿ ಬೆಳೆಗಾರರು, ನಮ್ಮ ಹಳೇ ಚಂದಾದಾರರು. ಪತ್ರದ ಮುಖ್ಯ ಭಾಗ ಇದು:

"ನಮ್ಮ ತೋಟದ ಪಕ್ಕದ ಆದಿವಾಸಿ ಹಾಡಿಯಲ್ಲಿ ಒಂದು ಸೇವಾ ಸಂಸ್ಥೆ ಪ್ರತಿ ಮಳೆಗಾಲ ಕಂಬಳಿ, ಅಕ್ಕಿ, ಮಕ್ಕಳಿಗೆ ನೋಟ್‌ಬುಕ್ ಹಂಚುತ್ತಿತ್ತು. ನಾವೂ ಕೈಲಾದಷ್ಟು ಕೊಟ್ಟಿದ್ದೇವೆ. ಈಗ ಅವರೇ ಸಂಜೆ ಹೊತ್ತು ಸಭೆ ಸೇರಿಸುತ್ತಾರೆ. ಕನಿಷ್ಠ ಕೂಲಿ ಎಷ್ಟು, ಜಾಗದ ಹಕ್ಕುಪತ್ರಕ್ಕೆ ಅರ್ಜಿ ಹಾಕುವುದು ಹೇಗೆ ಅಂತ ಹೇಳಿಕೊಡುತ್ತಾರೆ. ತಾಲ್ಲೂಕು ಕಚೇರಿ ಮುಂದೆ ಧರಣಿಗೂ ಕೂರಿಸಿದರು. ಆಕ್ಸ್‌ಫ್ಯಾಮ್‌ನಂಥ ವಿದೇಶಿ ಸಂಸ್ಥೆಗಳು ಕಲಿಸಿದ ಚಾಳಿ ಇದು. ಸೇವೆಗೆ ಬಂದವರು ಸೇವೆ ಮಾಡಲಿ, ರಾಜಕೀಯ ಯಾಕೆ? ನೀವು ಇದನ್ನು ಖಂಡಿಸಬೇಕು."

ಮೊದಲು ನಿಮಗೆ ಥ್ಯಾಂಕ್ಸ್. ಮನಸ್ಸಿನಲ್ಲಿ ಇದ್ದುದನ್ನು ಮುಚ್ಚಿಡದೆ ಬರೆದಿದ್ದೀರಿ. ಕಂಬಳಿಗೆ ದುಡ್ಡು ಕೊಟ್ಟಿದ್ದೀರಿ, ಅದೂ ಸಣ್ಣದಲ್ಲ. ಜುಲೈ ತಿಂಗಳ ನಮ್ಮ ಮಳೆಯಲ್ಲಿ, ಸೋರುವ ಶೀಟಿನ ಕೆಳಗೆ ಮಲಗುವ ಮಗುವಿಗೆ ಕಂಬಳಿ ಬೇಕೇ ಬೇಕು. ಹಕ್ಕಿನ ಭಾಷಣ ಆಮೇಲೆ. ಸೇವಾ ಸಂಸ್ಥೆಗಳೆಲ್ಲ ಸಾಚಾ ಅಂತಲೂ ನಾನು ಹೇಳುವುದಿಲ್ಲ. ನೀವು ಹೆಸರು ಹೇಳಿದ ಆಕ್ಸ್‌ಫ್ಯಾಮ್‌ನದ್ದೇ ಸಿಬ್ಬಂದಿ 2010ರ ಭೂಕಂಪದ ನಂತರ ಹೈಟಿಯಲ್ಲಿ ನಡೆದುಕೊಂಡ ರೀತಿ 2018ರಲ್ಲಿ ಬಯಲಾಯಿತು. ಅದು ನಾಚಿಕೆಗೇಡು. ಅಲ್ಲಿ ಅವರನ್ನು ಬೈದವರ ಜೊತೆ ನಾನೂ ಇದ್ದೇನೆ.

ಆದರೆ ಖಂಡಿಸಿ ಅಂತ ಕೇಳಿದ್ದೀರಲ್ಲ, ಅದು ನನ್ನಿಂದ ಆಗುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಆಕ್ಸ್‌ಫ್ಯಾಮ್‌ನಿಂದಲೇ ಶುರು ಮಾಡೋಣ. ಅವರು ಮೊದಲು ಕಂಬಳಿ ಹಂಚುತ್ತಿದ್ದರು, ಆಮೇಲೆ ಕೆಟ್ಟು ರಾಜಕೀಯಕ್ಕೆ ಇಳಿದರು ಅನ್ನುವ ಹಾಗೆ ಬರೆದಿದ್ದೀರಿ. ನಡೆದದ್ದು ಬೇರೆ. ಅದು ಹುಟ್ಟಿದ್ದು 1942ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಿನಲ್ಲಿ. ಎರಡನೇ ಮಹಾಯುದ್ಧದ ಕಾಲ. ಜರ್ಮನ್ನರ ಕೈಗೆ ಸಿಕ್ಕಿದ್ದ ಗ್ರೀಸ್ ದೇಶದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಬ್ರಿಟನ್ ಕಡೆಯವರು ಸಮುದ್ರಕ್ಕೆ ದಿಗ್ಬಂಧನ ಹಾಕಿದ್ದರು, ಆಹಾರದ ಹಡಗು ಒಳಗೆ ಹೋಗುತ್ತಿರಲಿಲ್ಲ. ಆಕ್ಸ್‌ಫರ್ಡಿನ ಕೆಲವರು ಸೇರಿ ಸಮಿತಿ ಮಾಡಿಕೊಂಡು, ಯುದ್ಧ ಮಾಡುತ್ತಿದ್ದ ತಮ್ಮದೇ ಸರ್ಕಾರಕ್ಕೆ "ದಾರಿ ಬಿಡಿ, ಅನ್ನ ಹೋಗಲಿ" ಅಂತ ಒತ್ತಾಯ ಮಾಡಿದರು. ಅಂದರೆ ಚಂದಾ ಎತ್ತುವುದರ ಜೊತೆಗೇ ಸರ್ಕಾರದ ಬಾಗಿಲು ತಟ್ಟುವ ಕೆಲಸವೂ ಮೊದಲ ದಿನದಿಂದಲೇ ಇತ್ತು. 1951ರಲ್ಲಿ ಬಿಹಾರದಲ್ಲಿ ಬರ ಬಂದಾಗ ಇದೇ ಸಂಸ್ಥೆ ನಮ್ಮ ದೇಶಕ್ಕಾಗಿ ಹಣ ಎತ್ತಿತು. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಮಾತಾಡಿದ್ದಕ್ಕೆ, 1991ರಲ್ಲಿ ಸೇವಾ ಸಂಸ್ಥೆಗಳ ಮೇಲೆ ಕಣ್ಣಿಡುವ ಬ್ರಿಟನ್ನಿನ ಚಾರಿಟಿ ಕಮಿಷನ್ ಅವರಿಗೆ ಛೀಮಾರಿ ಹಾಕಿತು. ಸೇವೆ ಮಾಡಿ, ರಾಜಕೀಯ ಬೇಡ ಅನ್ನುವ ನಿಮ್ಮ ಮಾತನ್ನೇ ಕಮಿಷನ್‌ನವರೂ ಹೇಳಿದ್ದು. ಮೂರೇ ವರ್ಷದಲ್ಲಿ ಮಂಡೇಲಾ ಅಧ್ಯಕ್ಷರಾದರು. ಆಗ ಸುಮ್ಮನಿರಬೇಕಿತ್ತು ಅಂತ ಇವತ್ತು ಹೇಳುವವರು ಯಾರಿದ್ದಾರೆ?

ಇನ್ನೊಂದು ವಿಷಯ. ಇದು ನಿಮಗೆ ಹತ್ತಿರದ್ದು. 2001-02ರ ಕಾಫಿ ರೇಟು ನೆನಪಿದೆಯಾ? 1989ರಲ್ಲಿ, ಯಾವ ದೇಶ ಎಷ್ಟು ರಫ್ತು ಮಾಡಬಹುದು ಅಂತ ಮಿತಿ ಹಾಕುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು, ಆಮೇಲೆ ವಿಯೆಟ್ನಾಂ ತನ್ನ ರೋಬಸ್ಟಾ ಕಾಫಿಯನ್ನು ಮಾರುಕಟ್ಟೆಗೆ ಸುರಿಯಿತು, ಬೆಲೆ ನೆಲ ಕಚ್ಚಿತು. ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ ಅಂತ ನಮ್ಮಲ್ಲಿ ಎಷ್ಟೋ ಜನ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಆಗ ಬೆಳೆಗಾರನಿಗೆ ಪುಡಿಗಾಸು, ದೊಡ್ಡ ಕಂಪನಿಗಳಿಗೆ ಲಾಭ, ಇದು ಅನ್ಯಾಯ ಅಂತ 2002ರಲ್ಲಿ ಜಗತ್ತಿನ ಮುಂದೆ ವರದಿ ಇಟ್ಟು ಗಲಾಟೆ ಮಾಡಿದ್ದು ಇದೇ ಆಕ್ಸ್‌ಫ್ಯಾಮ್. ನಾಲ್ಕು ವರ್ಷದ ನಂತರ ಇಥಿಯೋಪಿಯಾ ದೇಶ ತನ್ನ ಸಿಡಾಮೋ, ಹರಾರ್, ಯಿರ್ಗಾಚೆಫೆ ಕಾಫಿಗಳ ಹೆಸರಿನ ಹಕ್ಕು ತನಗೇ ಬೇಕು ಅಂತ ನಿಂತಾಗ ಸ್ಟಾರ್‌ಬಕ್ಸ್ ಕಂಪನಿ ಒಪ್ಪಲಿಲ್ಲ. ಆಕ್ಸ್‌ಫ್ಯಾಮ್ ಊರೂರಿನ ಕಾಫಿ ಕುಡಿಯುವವರಿಂದ ಕಂಪನಿಗೆ ಪತ್ರ ಬರೆಸಿತು. 2007ರಲ್ಲಿ ಒಪ್ಪಂದ ಆಯಿತು. ನಮ್ಮ ಕೂರ್ಗ್ ಅರೇಬಿಕಾಕ್ಕೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಾಗ ಎಲ್ಲರೂ ಸಂಭ್ರಮ ಪಟ್ಟೆವು. ಬೆಳೆದ ಊರಿನ ಹೆಸರು ಬೆಳೆದವನಿಗೇ ಸೇರಬೇಕು ಅಂತ ನಾವೂ ತಾನೇ ಕೇಳಿದ್ದು?

ಬೆಳೆಗಾರರು ಹಕ್ಕು ಕೇಳಿದ್ದು ಅದೊಂದೇ ಸಲವೂ ಅಲ್ಲ. ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಮಾಡಿ ಬೋರ್ಡೇ ಮಾರುವ ವ್ಯವಸ್ಥೆಗೆ, ಕೊಟ್ಟು, ದುಡ್ಡಿಗೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ನಿಮಗೆ ಗೊತ್ತು. ಬೆಳೆಗಾರರು ಸಂಘ ಕಟ್ಟಿದರು, ಮನವಿ ಕೊಟ್ಟರು, ದೆಹಲಿಗೆ ಹೋದರು, ಪ್ರತಿಭಟನೆ ಮಾಡಿದರು. 1996ರ ಹೊತ್ತಿಗೆ ಪೂಲ್ ಕಟ್ಟು ಸಡಿಲಿಸಿ ಮುಕ್ತ ಮಾರಾಟ ಬಂತು. ಒತ್ತುವರಿ ಜಮೀನಿನ ಕಥೆಯೂ ಹಾಗೆಯೇ. ಸರ್ಕಾರಿ ಜಾಗದಲ್ಲಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ ಕೊಡಲು ರಾಜ್ಯ ಸರ್ಕಾರ ಕಾನೂನನ್ನೇ ತಿದ್ದಿತು. ಸಂಘ ಸಂಸ್ಥೆಗಳು ವರ್ಷಗಟ್ಟಲೆ ಹಿಂದೆ ಬಿದ್ದದ್ದಕ್ಕೆ ಅದು ಆಯಿತು. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ಸಣ್ಣ ಹಿಡುವಳಿದಾರರ ಕಷ್ಟ ನನಗೂ ಗೊತ್ತು. ಆದರೆ ಬೆಳೆಗಾರ ಮಾಡಿದ ಅದೇ ಕೆಲಸವನ್ನು ಹಾಡಿಯ ಆದಿವಾಸಿ, ಎರವರವನೋ ಜೇನು ಕುರುಬನೋ, ಮಾಡಿದರೆ ಯಾಕೆ ಸಿಟ್ಟು ಬರಬೇಕು ಹೇಳಿ?

ದಿಡ್ಡಳ್ಳಿ ಮರೆತಿದ್ದೀರಾ? ಸಿದ್ದಾಪುರದ ಹತ್ತಿರ, 2016ರ ಡಿಸೆಂಬರ್ ಚಳಿಯಲ್ಲಿ, 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿ ಹಾಕಿದರು. ಅರಣ್ಯ ಜಾಗ ಅಂದರು. ಅಲ್ಲಿದ್ದವರಲ್ಲಿ ತುಂಬಾ ಜನ ತೋಟದವರು ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಗಳಿಂದ ಹೊರಬಂದವರು. ತಲೆಮಾರುಗಟ್ಟಲೆ ನಮ್ಮ ತೋಟಗಳಲ್ಲಿ ದುಡಿದರೂ ಅಂಗೈ ಅಗಲ ಜಾಗ ಇಲ್ಲದವರು. ಆ ವಾರ ಅಲ್ಲಿಗೆ ಊಟ, ಬಟ್ಟೆ, ಟಾರ್ಪಾಲು ಎಲ್ಲ ಬಂತು. ಕೊಟ್ಟವರು ಒಳ್ಳೆಯವರು. ಆದರೆ ಆ ಜನ ಟಾರ್ಪಾಲು ಹೊದ್ದು ಮನೆಗೆ ಹೋಗಲಿಲ್ಲ, ಹೋಗಲು ಮನೆಯೇ ಇರಲಿಲ್ಲ. ಕೂತರು, ತಿಂಗಳುಗಟ್ಟಲೆ ಕೂತರು. ಮುಂದೆ ನಿಂತವರಲ್ಲಿ ಹೆಂಗಸರು ಜಾಸ್ತಿ. ಕೊಡಗಿನವರೇ ಆದ ಹಿರಿಯ ರಾಜಕಾರಣಿ ಎ.ಕೆ. ಸುಬ್ಬಯ್ಯನವರು ಆ ಇಳಿವಯಸ್ಸಿನಲ್ಲೂ ಅವರ ಜೊತೆ ನಿಂತರು, ತಮ್ಮವರಿಂದಲೇ ಬೈಸಿಕೊಂಡರು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಸಿಕ್ಕಿತು. ಎಲ್ಲವೂ ಸರಿಯಾಯಿತು ಅನ್ನುವ ಹಾಗಿಲ್ಲ, ಆದರೂ ನಿವೇಶನ ಸಿಕ್ಕಿತು, ಗೋಡೆ ಎದ್ದಿತು. ಯಾರೂ ಕೇಳದೆ ಇದ್ದಿದ್ದರೆ ಅಷ್ಟೂ ಇಲ್ಲ.

ಅದಕ್ಕೂ ಹಿಂದಿನದು ನಾಗರಹೊಳೆ. ಕಾಡಿನೊಳಗೆ ಮೂರ್ಕಲ್‌ನಲ್ಲಿ ತಾಜ್ ಗುಂಪಿನ ರೆಸಾರ್ಟ್ ಏಳುತ್ತಿತ್ತು. ಕಾಡಿನವರನ್ನು ಹೊರಗೆ ಕಳಿಸಿ ಪ್ರವಾಸಿಗಳಿಗೆ ಕೋಣೆ ಕಟ್ಟುವುದು ಯಾವ ನ್ಯಾಯ ಅಂತ ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು, 1997ರಲ್ಲಿ ಗೆದ್ದಿತು. ಹೊರಗೆ ಹಾಕಿಸಿಕೊಂಡವರ ಲೆಕ್ಕ ಹಿಡಿಯಲು ಹೈಕೋರ್ಟ್ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ ನೇಮಿಸಿತು. 2014ರಲ್ಲಿ ಅವರು ಕೊಟ್ಟ ವರದಿಯಲ್ಲಿ 3,418 ಕುಟುಂಬಗಳ ಲೆಕ್ಕ ಇದೆ. ಅದಕ್ಕೆ ಕಾರಣವಾದ ಅರ್ಜಿ ಹಾಕಿದ್ದೂ ಹುಣಸೂರಿನ ಒಂದು ಸೇವಾ ಸಂಸ್ಥೆಯೇ. ಅವರು ನಿಮ್ಮ ಮಾತು ಕೇಳಿ ಕಂಬಳಿ ಹಂಚಿಕೊಂಡು ಇದ್ದಿದ್ದರೆ, ಆ ಕುಟುಂಬಗಳ ಲೆಕ್ಕ ಯಾವ ಕಾಗದದಲ್ಲೂ ಇರುತ್ತಿರಲಿಲ್ಲ.

ನನಗೆ ಗೊತ್ತಿರುವ ಒಬ್ಬ ಪಣಿ ಎರವರ ಅಜ್ಜಿ ಇದ್ದಾರೆ. ಲಂಗ ಹಾಕುವ ವಯಸ್ಸಿನಿಂದ ಒಂದೇ ತೋಟ, ಒಂದೇ ಲೈನ್. ಅವರ ಹತ್ತಿರ ಕಂಬಳಿ ಬೇಕಾದಷ್ಟಿತ್ತು. ಪಡಿತರ ಚೀಟಿ ಇರಲಿಲ್ಲ. ಯಾಕೆ ಅಂದರೆ ವಿಳಾಸದ ದಾಖಲೆ ಇಲ್ಲ. ಅದಕ್ಕೆ ತೋಟದಿಂದ ಒಂದು ಚೀಟಿ ಬೇಕು, ಕೊಟ್ಟರೆ ನಾಳೆ ಮನೆ ನಮ್ಮದು ಅಂತಾರೆ ಅನ್ನುವ ಭಯಕ್ಕೆ ತೋಟದವರು ಕೊಡಲಿಲ್ಲ. ಅಷ್ಟು ವರ್ಷ ಕಂಬಳಿ ಕೊಟ್ಟ ಯಾರಿಗೂ ಅಜ್ಜಿಯ ಪಡಿತರ ಚೀಟಿ ಎಲ್ಲಿ ಅಂತ ಕೇಳಬೇಕು ಅನ್ನಿಸಲಿಲ್ಲ. ಕೊನೆಗೆ ಒಬ್ಬಳು ಹುಡುಗಿ, ನೀವು ಬೈದಿರುವಂಥದೇ ಒಂದು ಸಂಸ್ಥೆಯವಳು, ಅಜ್ಜಿಯನ್ನು ಕರೆದುಕೊಂಡು ಕಚೇರಿ ಕಚೇರಿ ಅಲೆದು, ಅರ್ಜಿ ಮೇಲೆ ಅರ್ಜಿ ಬರೆದು, ಬೈಸಿಕೊಂಡು, ಕಾರ್ಡು ಮಾಡಿಸಿದಳು. ಈಗ ತಿಂಗಳು ತಿಂಗಳು ಅಕ್ಕಿ ಬರುತ್ತದೆ. ಯಾರ ಮುಂದೆಯೂ ಅಜ್ಜಿ ಕೈ ಮುಗಿಯಬೇಕಿಲ್ಲ.

2018ರ ಆಗಸ್ಟಿನಲ್ಲೂ ಇದನ್ನೇ ನೋಡಿದೆ. ನಮ್ಮ ಕೊಡಗಿನಲ್ಲಿ ಗುಡ್ಡ ಜರಿದಾಗ ರಾಜ್ಯದ ಮೂಲೆ ಮೂಲೆಯಿಂದ ಲಾರಿ ಬಂದವು. ಆ ಪ್ರೀತಿ ಮರೆಯಲು ಸಾಧ್ಯವಿಲ್ಲ. ಆದರೆ ಕೆಲವು ವಾರದ ನಂತರ ಹಾಲ್‌ಗಳಲ್ಲಿ ಹಳೇ ಬಟ್ಟೆ ರಾಶಿ ಬಿದ್ದು ಮುಗ್ಗಲು ಹಿಡಿಯಿತು. ಅದೇ ಹೊತ್ತಿನಲ್ಲಿ ಲೈನ್ ಮನೆ ಕಳೆದುಕೊಂಡ ಒಬ್ಬರು ನನ್ನ ಹತ್ತಿರ ಬಂದು, "ಸಾರ್, ಮನೆ ನಮ್ಮ ಹೆಸರಲ್ಲಿ ಇರಲಿಲ್ಲವಂತೆ, ಅದಕ್ಕೆ ಪರಿಹಾರದ ಪಟ್ಟಿಯಲ್ಲಿ ಹೆಸರಿಲ್ಲವಂತೆ" ಅಂದರು. ಅವರಿಗೆ ಎಂಟು ಶರ್ಟು ಸಿಕ್ಕಿತ್ತು. ಪಟ್ಟಿ ಬದಲಿಸಿ ಅಂತ ಅವರ ಪರವಾಗಿ ಕೇಳುವವರು ಬೇಕಿತ್ತು. ಕೇಳುವುದು ರಾಜಕೀಯವಾದರೆ ಅವರಿಗೆ ಬೇಕಿದ್ದುದು ರಾಜಕೀಯವೇ.

ನಿಮ್ಮ ಊರಿನ ಸರ್ಕಾರಿ ಶಾಲೆಯಲ್ಲಿ ಮಧ್ಯಾಹ್ನ ಬಿಸಿಯೂಟ ನಡೆಯುತ್ತದಲ್ಲ, ಅದು ಹೇಗೆ ಬಂತು ಗೊತ್ತಾ? 2001ರಲ್ಲಿ ರಾಜಸ್ಥಾನದಲ್ಲಿ ಬರ. ಒಂದು ಕಡೆ ಹಸಿದ ಜನ, ಇನ್ನೊಂದು ಕಡೆ ಆಹಾರ ನಿಗಮದ ಗೋದಾಮು ತುಂಬಿ ಧಾನ್ಯ ಕೊಳೆಯುತ್ತಿದೆ. ನಾಗರಿಕ ಹಕ್ಕುಗಳಿಗಾಗಿ ಕೆಲಸ ಮಾಡುವ ಪಿಯುಸಿಎಲ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ನವೆಂಬರ್ 28ಕ್ಕೆ ಕೋರ್ಟು ಆದೇಶ ಕೊಟ್ಟಿತು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕು ಅಂತ. ನಮ್ಮಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂತು. ಯಾವ ದಾನಿ ಎಷ್ಟು ಅನ್ನದಾನ ಮಾಡಿದರೂ ಇಷ್ಟು ಮಕ್ಕಳಿಗೆ, ಇಷ್ಟು ವರ್ಷ, ಒಂದು ದಿನವೂ ಋಣ ಹೊರಿಸದೆ ಊಟ ಹಾಕಲು ಆಗುತ್ತಿರಲಿಲ್ಲ.

ಕುಂಡೆ ಹಬ್ಬದ ಮಾತು ಹೇಳಲೇಬೇಕು. ಮೇ ತಿಂಗಳಲ್ಲಿ ದೇವರಪುರಕ್ಕೆ ಹೋಗುವ ಆದಿವಾಸಿಗಳು ವೇಷ ಹಾಕಿ, ಡ್ರಮ್ಮು ಬಡಿಯುತ್ತಾ, ದೇವರನ್ನೂ ಬಿಡದೆ ಸಾಹುಕಾರನನ್ನೂ ಬಿಡದೆ ಬೈಯುತ್ತಾರೆ. ನಾವೆಲ್ಲ ನಗುತ್ತಾ ದುಡ್ಡು ಕೊಡುತ್ತೇವೆ. ಬೈದರೂ ಕೊಡುತ್ತೇವೆ! ಆದರೆ ಮಾರನೇ ದಿನ ಅದೇ ವ್ಯಕ್ತಿ ತಲೆ ಬಾಚಿ, ಅಂಗಿ ಹಾಕಿ, ಕಾಗದದಲ್ಲಿ ಮರ್ಯಾದೆಯಿಂದ ಬರೆದು ಕನಿಷ್ಠ ಕೂಲಿ ಕೇಳಿದರೆ ಇವನಿಗೆ ಯಾರೋ ತಲೆ ಕೆಡಿಸಿದ್ದಾರೆ ಅನ್ನುತ್ತೇವೆ. ಈ ಸಿಟ್ಟು ಎಲ್ಲಿಂದ ಬರುತ್ತದೆ ಅಂತ ನೀವು ಒಮ್ಮೆ ಕೂತು ಯೋಚಿಸಬೇಕು.

ಕಾನೂನಿನಲ್ಲಿ ಇಲ್ಲದ್ದನ್ನು ಅವರು ಕೇಳುತ್ತಿಲ್ಲ. ಕನಿಷ್ಠ ಕೂಲಿ ಕಾಯ್ದೆ ಬಂದದ್ದು 1948ರಲ್ಲಿ. 1951ರ ಪ್ಲಾಂಟೇಷನ್ ಲೇಬರ್ ಕಾಯ್ದೆ ತೋಟದವರು ಕಾರ್ಮಿಕರಿಗೆ ಮನೆ, ಕುಡಿಯುವ ನೀರು, ಕಕ್ಕಸು, ಔಷಧೋಪಚಾರ ಕೊಡಬೇಕು ಅಂತ ಹೇಳಿತ್ತು. 50 ಹೆಂಗಸರು ದುಡಿಯುವ ಕಡೆ ಮಕ್ಕಳಿಗೆ ಶಿಶುವಿಹಾರ ಇರಬೇಕು ಅಂತಲೂ ಇತ್ತು. ಈಗ ಅದನ್ನೆಲ್ಲ ಹೊಸ ಕಾರ್ಮಿಕ ಸಂಹಿತೆಗಳೊಳಗೆ ಸೇರಿಸಿದ್ದಾರೆ. ಜಾಗದ ವಿಷಯಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ಇದ್ದ ಆದಿವಾಸಿಗೆ ನಾಲ್ಕು ಹೆಕ್ಟೇರ್‌ವರೆಗೆ ಹಕ್ಕು, ಅರ್ಜಿ ಹಾಕಬೇಕಾದ್ದು ಗ್ರಾಮಸಭೆಗೆ. ಇಷ್ಟನ್ನು ಓದಿ ಹೇಳಿದ್ದೇ ಅಪರಾಧವಾ? ಪಾರ್ಲಿಮೆಂಟ್ ಮಾಡಿದ ಕಾನೂನನ್ನು ಹಾಡಿಯ ಜನಕ್ಕೆ ಓದಿ ಹೇಳಲು ಯಾವ ವಿದೇಶಿಯರೂ ಕಲಿಸಬೇಕಿಲ್ಲ.

ನನಗೆ ಬೇಸರ ತರುವುದು ಬೇರೆ. ಕೇಳುವ ಕೆಲಸಕ್ಕೆ ಈಗ ದುಡ್ಡು ಹುಟ್ಟುವುದಿಲ್ಲ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಅನ್ನುತ್ತದೆ. ಆ ದುಡ್ಡು ಹೋಗುವುದು ಬೋರ್ಡು ಹಾಕಬಹುದಾದ ಕಡೆಗೆ: ಶಾಲೆಗೆ ಬೆಂಚು, ಆಸ್ಪತ್ರೆಗೆ ಯಂತ್ರ. ಅದೂ ಬೇಕು, ಸರಿ. ಆದರೆ ಅಜ್ಜಿಯ ಜೊತೆ ಕಚೇರಿ ಅಲೆದ ಹುಡುಗಿಯ ಸಂಬಳಕ್ಕೆ ಯಾವ ಕಂಪನಿಯೂ ಬರುವುದಿಲ್ಲ, ಅಲ್ಲಿ ಬೋರ್ಡು ಹಾಕಲು ಗೋಡೆ ಇಲ್ಲ. ವಿದೇಶಿ ದೇಣಿಗೆ ಕಾನೂನನ್ನು 2020ರಲ್ಲಿ ತಿದ್ದಿ, ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಸಿದರು. ದೊಡ್ಡ ಸಂಸ್ಥೆ ಸಣ್ಣ ಸಂಸ್ಥೆಗೆ ಆ ಹಣ ದಾಟಿಸುವಂತಿಲ್ಲ ಅಂದರು. ಆಕ್ಸ್‌ಫ್ಯಾಮ್ ಇಂಡಿಯಾದ ಪರವಾನಗಿಯನ್ನು 2021ರ ಕೊನೆಗೆ ನವೀಕರಿಸಲೇ ಇಲ್ಲ. ಆದ್ದರಿಂದ ನೀವು ಹೆದರುವ ವಿದೇಶಿ ಕೈ ನಿಮ್ಮ ಪಕ್ಕದ ಹಾಡಿಯವರೆಗೆ ಚಾಚುವುದು ಕಷ್ಟ. ಅಲ್ಲಿ ಸಂಜೆ ಸಭೆ ಮಾಡುತ್ತಿರುವವರು ಬಹುಶಃ ಅರ್ಧ ಸಂಬಳಕ್ಕೆ, ಬಸ್ ಚಾರ್ಜು ಕೈಯಿಂದ ಹಾಕಿಕೊಂಡು ಬರುವ ಹುಡುಗರು.

ಪತ್ರಿಕೆಗಳದ್ದೂ ಅದೇ ಕಥೆ. ಒಂದು ಕಂಬಳಿಯ ಅಂಚನ್ನು ಹತ್ತು ಜನ ಹಿಡಿದು ನಿಂತ ಫೋಟೋ ಜಿಲ್ಲಾ ಪುಟದಲ್ಲಿ ಬರುತ್ತದೆ, ಹತ್ತು ಜನರ ಹೆಸರೂ ಬರುತ್ತದೆ. ಕಂಬಳಿ ತೆಗೆದುಕೊಂಡವರ ಹೆಸರು ಬರುವುದಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಹಕ್ಕುಪತ್ರ ಎಲ್ಲಿ ಅಂತ ಕೇಳಿದ ಹೆಂಗಸಿನ ಸುದ್ದಿಗೆ ಜಾಗವೇ ಇರುವುದಿಲ್ಲ. 2024ರಲ್ಲಿ 50 ಕೆ.ಜಿ. ರೋಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ಹತ್ತು ಸಾವಿರ ರೂಪಾಯಿ ದಾಟಿದಾಗ ಎಲ್ಲ ಪತ್ರಿಕೆಗಳೂ ಮುಖಪುಟದಲ್ಲಿ ಹಾಕಿದವು. ಆ ಮೂಟೆ ಕೊಯ್ದವರ ಕೂಲಿ ಎಷ್ಟು ಏರಿತು ಅಂತ ಹುಡುಕಿ ಬರೆದದ್ದನ್ನು ನಾನು ಎಲ್ಲೂ ಓದಲಿಲ್ಲ. ಬೆಲೆ ಬಿದ್ದಾಗ ಕೂಲಿಯವರು ನಮ್ಮ ಕಷ್ಟ ಅರ್ಥ ಮಾಡಿಕೊಳ್ಳಬೇಕು ಅನ್ನುತ್ತೇವೆ. ಏರಿದಾಗ ಅವರು ಬಂದು ಕೇಳಿದರೆ, ಅದನ್ನು ಅರ್ಥ ಮಾಡಿಕೊಳ್ಳಬೇಕಾದವರು ನಾವು.

ನೀವು ಒಳ್ಳೆಯವರು ಅಂತ ನಿಮ್ಮ ಪತ್ರವೇ ಹೇಳುತ್ತದೆ. ಅದಕ್ಕೇ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಲೈನ್ ಮನೆಗಳಲ್ಲಿ ಎಷ್ಟು ಕುಟುಂಬ ಇದೆ, ಅದರಲ್ಲಿ ಎಷ್ಟು ಜನರ ಹತ್ತಿರ ಪಡಿತರ ಚೀಟಿ ಇದೆ, ಎಷ್ಟು ಜನರ ಹೆಸರು ಮತದಾರರ ಪಟ್ಟಿಯಲ್ಲಿದೆ ಅಂತ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕೇಳಿ. ಇಲ್ಲದವರಿಗೆ ವಿಳಾಸದ ಪತ್ರ ಬರೆದು ಸಹಿ ಹಾಕಿ ಕೊಡಿ. ಆಮೇಲೆ ಹಾಡಿಯ ಆ ಸಂಜೆ ಸಭೆಗೆ ಒಂದು ದಿನ ಹೋಗಿ ಕೂತು ಕೇಳಿ, ಅಲ್ಲಿ ತಪ್ಪು ಹೇಳಿಕೊಡುತ್ತಿದ್ದರೆ ನನಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಒಂದು ಪೂರ್ತಿ ಪುಟ ಬಿಟ್ಟಿರುತ್ತೇನೆ.

— ಸಂ.