ಪ್ರತಿಕ್ರಿಯೆ: ಮೆಲ್ಬರ್ನ್ ಕಡಲಂಚಿನ ಚುಚ್ಚುವ ಜೊಂಡು ಯಾವುದು, ಕೀಳಬಹುದೇ?

ಮೆಲ್ಬರ್ನ್ ಕಡಲಂಚಿನಲ್ಲಿ ಮೊನೆ ಚುಚ್ಚುವ ಜೊಂಡು ಕಂಡಿರಿ, ಕೀಳಬಹುದೇ ಎಂದು ಕೇಳಿದ್ದೀರಿ. ಆ ಲಕ್ಷಣಕ್ಕೆ ಎರಡು ಗಿಡ ಹೊಂದುತ್ತವೆ, ಹಾಗಾಗಿ ದುಡುಕಿ ಕೀಳಬೇಡಿ. ಒಂದು ಜುಂಕಸ್ ಅಕ್ಯೂಟಸ್. ಮೆಡಿಟರೇನಿಯನ್ ತೀರದ್ದು, ಆಸ್ಟ್ರೇಲಿಯಾದಲ್ಲಿ ಕಳೆ. ಇನ್ನೊಂದು ಅಲ್ಲಿನದೇ ಆದ ಜುಂಕಸ್ ಕ್ರೌಸಿ. ಅದನ್ನು ಉಳಿಸಬೇಕು.

ಚುಚ್ಚುತ್ತದೋ ಇಲ್ಲವೋ ಅನ್ನುವುದು ನಂಬುವಂಥ ಪರೀಕ್ಷೆಯಲ್ಲ, ಕಾಯಿ ನೋಡಿ. ಅಕ್ಯೂಟಸ್‌ನದು ಕೆಂಗಂದು ಬಣ್ಣದ, ಉಬ್ಬಿದ, 4–6 ಮಿ.ಮೀ. ಕಾಯಿ, ಬುಡದ ಒಣ ಹೂದಳಗಳನ್ನು ಮೀರಿ ಎದ್ದು ಕಾಣುತ್ತದೆ. ಕ್ರೌಸಿಯ ಕಾಯಿ ಸಣ್ಣದು, ಹೆಚ್ಚುಕಮ್ಮಿ ಹೂದಳದಷ್ಟೇ ಉದ್ದ. ಬುಡವನ್ನೂ ಗಮನಿಸಿ: ಅಕ್ಯೂಟಸ್ ಒತ್ತೊತ್ತಾದ ದುಂಡು ಪೊದೆ, ಕ್ರೌಸಿ ನೆಲದಡಿ ಕಾಂಡ ಹರಿಸಿ ಚಾಪೆಯಂತೆ ಹಬ್ಬುತ್ತದೆ.

ಅಕ್ಯೂಟಸ್‌ಗೆ ಮಳೆಗಾಲದಲ್ಲಿ ನೀರು ನಿಲ್ಲುವ ಉಪ್ಪು ಮರಳು ಇಷ್ಟ. ಉಪ್ಪು ಜವುಗಿನ ಮೇಲಂಚು, ಮರಳುದಿಬ್ಬಗಳ ನಡುವಿನ ತಗ್ಗು, ಉಪ್ಪೇರಿದ ಹುಲ್ಲುಗಾವಲು, ಎಲ್ಲೆಡೆ ಬರುತ್ತದೆ.

ಬರೀ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕಾಯಿ ಬಲಿಯುವ ಮುನ್ನ ಗುದ್ದಲಿಯಿಂದ ಬುಡಸಮೇತ ಅಗೆಯಿರಿ. ಬೀಜ ಉದುರಿದ್ದರೆ ಮುಂದಿನ ವರ್ಷಗಳಲ್ಲೂ ಸಸಿ ಕೀಳುವ ಕೆಲಸ ಇದ್ದೇ ಇದೆ. ದಪ್ಪ ಕೈಗವಸಿಗಿಂತ ಮೊದಲು ಕಣ್ಣಿಗೆ ಕನ್ನಡಕ: ಬಗ್ಗಿದಾಗ ಮೊನೆ ನೇರ ಮುಖದ ಮಟ್ಟಕ್ಕೇ ಬರುತ್ತದೆ. ಸಾರ್ವಜನಿಕ ಜಾಗವಾದರೆ ಸ್ಥಳೀಯ ಕೌನ್ಸಿಲ್‌ನ ಒಪ್ಪಿಗೆ ಬೇಕು.