ನಿಮ್ಮ ‘ಜುಲೈ 1’ ಲೇಖನದ ಬಗ್ಗೆ

ನಮಸ್ಕಾರ.

‘ಜುಲೈ 1: ಚರಿತ್ರೆಯಲ್ಲಿ ಈ ದಿನ’ ಲೇಖನ ತಲುಪಿದೆ. ಎರಡು ಸಲ ಓದಿದೆ. ಈಗ ಇರುವ ಹಾಗೆ ಪುರವಣಿಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಿಬಿಡಲೂ ಮನಸ್ಸಿಲ್ಲ, ಯಾಕೆಂದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಸಿಕ್ಕಿಹಾಕಿಕೊಂಡಿದೆ.

ನೀವು ಒಟ್ಟು 23 ಘಟನೆ ಕೊಟ್ಟಿದ್ದೀರಿ. 1867ರಲ್ಲಿ ಕೆನಡಾ, 1955ರಲ್ಲಿ ಸ್ಟೇಟ್ ಬ್ಯಾಂಕ್, 1997ರಲ್ಲಿ ಹಾಂಗ್‌ಕಾಂಗ್, 2017ರಲ್ಲಿ ಜಿಎಸ್‌ಟಿ. ಮಂಗಳೂರಿನ ನಮ್ಮ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ‘ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಉಡುಪಿ’ ಎಂದು ಒಂದೇ ಉಸಿರಿಗೆ ಕೂಗುತ್ತಾನಲ್ಲ, ಹಾಗಾಯಿತು. ಊರುಗಳ ಹೆಸರು ಕೇಳಿತು, ಒಂದು ಊರನ್ನೂ ನೋಡಲಿಲ್ಲ.

‘ಒಂದೇ ತಾರೀಕಿನಲ್ಲಿ ಇಷ್ಟೊಂದು ನಡೆದಿರುವುದು ವಿಧಿಯ ಲೀಲೆಯೇ ಸರಿ’ ಎಂದು ಬರೆದಿದ್ದೀರಿ. ವಿಧಿ ಪಾಪ, ಅದಕ್ಕೆ ಇದರಲ್ಲಿ ಕೆಲಸವೇ ಇಲ್ಲ. ಕಚೇರಿಗಳು ಹೊಸ ಕೆಲಸ ಶುರು ಮಾಡುವುದು ಒಂದನೇ ತಾರೀಕಿಗೆ. ಜುಲೈ ಒಂದು ಅಂದರೆ ಅರ್ಧ ವರ್ಷದ ಆರಂಭ. ಇನ್ನೊಂದು ನೋಡಿ: ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಮೂರು ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ಸೇರಿಹೋದದ್ದು ಏಪ್ರಿಲ್ 1ರಂದೇ. ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ. ಅದೇನು ಗ್ರಹಚಾರವಾ? ಲೆಕ್ಕದ ವರ್ಷದ ಮೊದಲ ದಿನ, ಅಷ್ಟೇ. ಹಾಗಾಗಿ ಪ್ರತಿ ಘಟನೆಗೂ ಒಂದು ಪ್ರಶ್ನೆ ಹಾಕಿ: ಈ ತಾರೀಕನ್ನು ಯಾರಾದರೂ ಕೂತು ಗೊತ್ತುಮಾಡಿದ್ದಾ, ಇಲ್ಲ ತಾನಾಗಿ ಬಂದದ್ದಾ? ಗೊತ್ತುಮಾಡಿದ್ದಾದರೆ ಯಾಕೆ ಅದೇ ದಿನ ಎಂದು ಹುಡುಕಿ. ಹೇಳಲು ಏನೂ ಸಿಗದಿದ್ದರೆ ಹೊಡೆದುಹಾಕಿ.

ಈ ಪ್ರಶ್ನೆ ಕೇಳಿದ್ದರೆ ಮೊದಲ ಮಹಾಯುದ್ಧದ ಸೊಮ್ ಕದನಕ್ಕೆ ಒಂದೇ ಸಾಲು ಕೊಡುತ್ತಿರಲಿಲ್ಲ ನೀವು. 1916ರ ಆ ದಾಳಿಗೆ ಇಟ್ಟುಕೊಂಡಿದ್ದ ದಿನ ಜೂನ್ 29. ಮಳೆ ಬಂದು ಎರಡು ದಿನ ಮುಂದೆ ಹೋಯಿತು. ಜುಲೈ 1ರಂದು ಸಂಜೆಯಾಗುವಾಗ ಬ್ರಿಟಿಷ್ ಸೇನೆಯಲ್ಲಿ ಸತ್ತವರೇ 19,240. ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿ 57,470. ನಿಮ್ಮ ಪಟ್ಟಿಯಲ್ಲಿ ಅದರ ಕೆಳಗಿನ ಸಾಲೇ ‘ಚಾರ್ಟರ್ಡ್ ಅಕೌಂಟೆಂಟ್‌ಗಳ ದಿನ’. ಓದುವವನಿಗೆ ಉಸಿರಾಡಲಾದರೂ ಜಾಗ ಬೇಡವಾ ಮಾರಾಯ್ರೆ?

ಇನ್ನು ತಪ್ಪುಗಳು. ಪೀಠಿಕೆಯಲ್ಲಿ ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಲೇಖಕ ಸರ್ವಾಂಟಿಸ್ 1616ರ ಏಪ್ರಿಲ್ 23ರಂದು, ‘ಒಂದೇ ದಿನ’ ತೀರಿಕೊಂಡರು ಎಂದಿದ್ದೀರಿ. ತಾರೀಕು ಒಂದೇ ಎಂದು ಹೇಳುವುದುಂಟು. ದಿನ ಒಂದೇ ಅಲ್ಲ. ಸ್ಪೇನ್ 1582ರಲ್ಲೇ ಹೊಸ ಕ್ಯಾಲೆಂಡರಿಗೆ ಬಂದಿತ್ತು, ಇಂಗ್ಲೆಂಡ್ 1752ರವರೆಗೆ ಹಳೆಯದನ್ನೇ ಹಿಡಿದುಕೊಂಡಿತ್ತು. ಇಂಗ್ಲೆಂಡಿನಲ್ಲಿ ಏಪ್ರಿಲ್ 23 ಆಗುವಾಗ ಸ್ಪೇನಿನಲ್ಲಿ ಮೇ 3 ಆಗಿತ್ತು. ಸರ್ವಾಂಟಿಸ್ ತೀರಿಕೊಂಡದ್ದು 22ರಂದು, 23 ಮಣ್ಣು ಮಾಡಿದ ದಿನ ಅನ್ನುವವರೂ ಇದ್ದಾರೆ. ಇದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗಬೇಕಿತ್ತು. ಉಡುಪಿ ಮಠದಲ್ಲಿ ಸೌರಮಾನದ ಲೆಕ್ಕ, ಬೆಂಗಳೂರಿನ ಕಡೆ ಚಾಂದ್ರಮಾನ. ಹಾಗಾಗಿ ಕೆಲವು ವರ್ಷ ಬೆಂಗಳೂರಿನವರು ಅಷ್ಟಮಿ ಮುಗಿಸಿ ತಿಂಗಳಾದ ಮೇಲೆ ಇಲ್ಲಿ ಅಷ್ಟಮಿ, ಮರುದಿನ ಮೊಸರುಕುಡಿಕೆಯ ವಿಟ್ಲಪಿಂಡಿ. ಎರಡೂ ಅಷ್ಟಮಿ ಕೃಷ್ಣ ಹುಟ್ಟಿದ ದಿನವೇ ಅಲ್ವಾ?

ಎರಡನೇ ತಪ್ಪು ಜಾಸ್ತಿ ಗಂಭೀರ. ‘ಮದ್ರಾಸಿನ ಅರ್ಬತ್‌ನಟ್ ಕಂಪನಿ ಮುಳುಗಿ ಜನರ ಹಣ ಹೋದದ್ದನ್ನು ಕಂಡು ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕ್ ಕಟ್ಟಿದರು’ ಎಂದು ಬರೆದಿದ್ದೀರಿ. ಓದಲು ಚೆಂದ. ಆದರೆ ಪೈಯವರು ಮಂಗಳೂರಿನಲ್ಲಿ ಹಿಂದೂ ಪರ್ಮನೆಂಟ್ ಫಂಡ್ (ಮುಂದೆ ಕೆನರಾ ಬ್ಯಾಂಕ್ ಆದದ್ದು ಇದೇ) ಶುರು ಮಾಡಿದ್ದು 1906ರ ಜುಲೈ 1ರಂದು. ಅರ್ಬತ್‌ನಟ್ ಮುಳುಗಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಮೂರು ತಿಂಗಳ ನಂತರ ಆದದ್ದನ್ನು ನೋಡಿ ಯಾರೂ ಮೂರು ತಿಂಗಳ ಮೊದಲೇ ಬ್ಯಾಂಕ್ ಕಟ್ಟಲಾರರು. ತಾರೀಕಿನ ಬಗ್ಗೆಯೇ ಬರೆಯುವ ಲೇಖನದಲ್ಲಿ ತಿಂಗಳು ನೋಡದಿದ್ದರೆ ಹೇಗೆ?

ಡಾ. ಬಿ.ಸಿ. ರಾಯ್ ಪ್ಯಾರಾ ಸರಿ ಇದೆ. ಹುಟ್ಟಿದ್ದು 1882ರ ಜುಲೈ 1, ತೀರಿಕೊಂಡದ್ದು 1962ರ ಜುಲೈ 1. ಇದು ಯಾರೂ ಗೊತ್ತುಮಾಡಿದ ದಿನ ಅಲ್ಲ, ಸೋಜಿಗ ಪಡಬೇಕಾದ್ದು ಇಲ್ಲಿ. ಆದರೆ ಅವರ ನೆನಪಿಗೆ ಆಚರಿಸುವ ವೈದ್ಯರ ದಿನದ ಬಗ್ಗೆ ಪ್ರತಿ ವರ್ಷ ನಮಗೆ ಐದಾರು ಲೇಖನ ಬರುತ್ತವೆ. ಬಿಡಿ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಪಟ್ಟಿಯಲ್ಲಿ 14ನೆಯದು: ‘1843: ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಆರಂಭ.’ ಮುಗಿಯಿತು, ಒಂದೇ ಸಾಲು! ಹಾಂಗ್‌ಕಾಂಗಿಗೆ ಆರು ಸಾಲು. ನೀವು ಮಂಗಳೂರಿನಲ್ಲಿ ಕೂತು, ಮಂಗಳೂರಿನ ಪತ್ರಿಕೆಗೆ ಬರೆಯುತ್ತಿದ್ದೀರಿ. ನಾವು ಜುಲೈ 1ನ್ನು ಪತ್ರಿಕಾ ದಿನ ಎಂದು ಆಚರಿಸುವುದೇ ಆ ಪತ್ರಿಕೆಯಿಂದ.

ಹದಿನೈದು ದಿನಕ್ಕೊಮ್ಮೆ ಬರುವ ಪತ್ರಿಕೆ ಒಂದನೇ ತಾರೀಕಿಗೆ ಹೊರಡುವುದು ದೊಡ್ಡ ಸಂಗತಿಯಲ್ಲ. ಆದರೆ ಜುಲೈ! ನಮ್ಮಲ್ಲಿ ಆ ಹೊತ್ತಿಗೆ ಬಟ್ಟೆ ಒಣಗುವುದಿಲ್ಲ, ಹಪ್ಪಳ ಮೆತ್ತಗಾಗುತ್ತದೆ, ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್, ಜರ್ಮನಿಯಿಂದ ಬಂದು ಏಳು ವರ್ಷವಾಗಿದ್ದ ಪಾದ್ರಿ, ಅಂಥ ತಿಂಗಳಲ್ಲಿ ಪತ್ರಿಕೆ ಹೊರಡಿಸಿದರು. ಅದೂ ಕಲ್ಲಚ್ಚಿನಲ್ಲಿ. ಜಿಡ್ಡಿನ ಮಸಿಯಲ್ಲಿ ಬರೆದದ್ದನ್ನು ಕಲ್ಲಿನ ಮೇಲೆ ಇಳಿಸುವುದು, ಕಲ್ಲಿಗೆ ನೀರು ಸವರುವುದು, ಮೇಲೆ ಮಸಿಯ ರೋಲರ್ ಉರುಳಿಸುವುದು. ನೀರು ಇದ್ದಲ್ಲಿ ಮಸಿ ಹಿಡಿಯುವುದಿಲ್ಲ, ಜಿಡ್ಡು ಇದ್ದಲ್ಲಿ ಹಿಡಿಯುತ್ತದೆ. ಆಮೇಲೆ ಕಾಗದ ಒತ್ತಿ ಒಂದೊಂದೇ ಹಾಳೆ ತೆಗೆಯಬೇಕು. ಕೈಬರಹವೇ ಪತ್ರಿಕೆಯ ಅಕ್ಷರ. ಅಷ್ಟು ಹಾಳೆಗಳನ್ನು ಆ ಮಳೆಯಲ್ಲಿ ಎಲ್ಲಿ ಹರವಿ ಒಣಗಿಸಿರಬಹುದು? ಇದನ್ನು ನೀವು ಕೇಳಬೇಕಿತ್ತು.

ಅದರಲ್ಲಿ ಊರ ವರ್ತಮಾನ, ಸರಕಾರದ ನಿರೂಪಗಳು (ಆದೇಶಗಳು), ಬೇರೆ ರಾಜ್ಯಗಳ ಸುದ್ದಿ ಇದ್ದವು. ಮರುವರ್ಷವೇ ಪತ್ರಿಕೆ ಬಳ್ಳಾರಿಗೆ ಹೋಯಿತು, ಬಿಡಿ ಅಕ್ಷರ ಜೋಡಿಸುವ ಮೊಳೆ ಅಚ್ಚಿಗೆ ಬದಲಾಯಿತು, ಹೆಸರೂ ‘ಕನ್ನಡ ಸಮಾಚಾರ’ ಆಯಿತು. ನಮ್ಮ ಊರಿನ ಹೆಸರು ಬಿದ್ದುಹೋಗಿ ಇಡೀ ಭಾಷೆಯ ಹೆಸರು ಬಂತು. ನಾನಾಗಿದ್ದರೆ ಇಲ್ಲಿ ಒಂದು ಪ್ಯಾರಾ ನಿಲ್ಲುತ್ತಿದ್ದೆ.

ಒಂದು ಕೆಲಸ ಮಾಡಿ. ಬಲ್ಮಠಕ್ಕೆ ಹೋಗಿ. ಅಲ್ಲಿನ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಿಷನ್ ಕಾಲದ ಹಳೆಯ ಪುಸ್ತಕ, ಕಾಗದಪತ್ರಗಳ ಸಂಗ್ರಹ ಉಂಟು. ಮೊದಲೇ ಫೋನ್ ಮಾಡಿ, ಅನುಮತಿ ಕೇಳಿ. ಅರ್ಧ ದಿನ ಕೂತು ನೋಡಿ. ಇಂಟರ್‌ನೆಟ್ಟಿನಲ್ಲಿ ಸಿಗುವ ‘ಈ ದಿನ’ ಪಟ್ಟಿಗಳು ಒಂದನ್ನೊಂದು ನಕಲು ಮಾಡಿಕೊಂಡವು. ಒಂದರ ತಪ್ಪು ಎಲ್ಲದರಲ್ಲೂ ಇರುತ್ತದೆ.

ಆಮೇಲೆ ಮಂಗಳೂರ ಸಮಾಚಾರ ಒಂದನ್ನೇ ಇಟ್ಟುಕೊಂಡು 600 ಪದ ಬರೆಯಿರಿ. ಕೆನರಾ ಬ್ಯಾಂಕ್ ಬೇಕೆನಿಸಿದರೆ ಎರಡು ಸಾಲು ಬರಲಿ: ಅದೇ ಊರು, ಅದೇ ತಾರೀಕು, 63 ವರ್ಷದ ನಂತರ. ಉಳಿದ 21 ಘಟನೆ ನಿಮ್ಮ ನೋಟ್‌ಬುಕ್‌ನಲ್ಲೇ ಇರಲಿ. ‘ವಿಧಿಯ ಲೀಲೆ’ ದಯವಿಟ್ಟು ಬೇಡ.

ಜೂನ್ 20ರೊಳಗೆ ಕೈಸೇರಿದರೆ ಒಂದನೇ ತಾರೀಕಿನ ಪುರವಣಿಗೆ ನೋಡುತ್ತೇನೆ. ಹಾಂಗ್‌ಕಾಂಗಿನ ಫೋಟೊ ಕಳಿಸಬೇಡಿ, ಬಲ್ಮಠದ್ದು ಒಂದು ತೆಗೆದು ಕಳಿಸಿ. ಮಳೆ ಬರುತ್ತಿದ್ದರೆ ಇನ್ನೂ ಒಳ್ಳೆಯದು.

ಇಂತಿ,
ಪುರವಣಿ ಸಂಪಾದಕ